ಯುರೋಪಿನ ದೂರದ ರೈಲು ಪ್ರಯಾಣ: ಎಐಗೆ ಏನು ಕೇಳಬೇಕು, ಎಲ್ಲಿ ತಾಳೆ ನೋಡಬೇಕು

ಯುರೋಪಿನಲ್ಲಿ ಐಆರ್‌ಸಿಟಿಸಿ ಇಲ್ಲ. ಜರ್ಮನಿಯಲ್ಲಿ ಡಾಯ್ಚ ಬಾನ್, ಫ್ರಾನ್ಸಿನಲ್ಲಿ ಎಸ್‌ಎನ್‌ಸಿಎಫ್, ಸ್ವಿಟ್ಜರ್ಲೆಂಡಿನಲ್ಲಿ ಎಸ್‌ಬಿಬಿ, ಆಸ್ಟ್ರಿಯಾದಲ್ಲಿ ಓಬಿಬಿ, ಸ್ಪೇನಿನಲ್ಲಿ ರೆನ್ಫೆ. ಇಟಲಿಗೆ ಹೋದರೆ ಸರ್ಕಾರಿ ಟ್ರೆನಿಟಾಲಿಯಾ ಓಡುವ ಹಳಿ ಮೇಲೆಯೇ ಖಾಸಗಿ ಇಟಾಲೋ ರೈಲುಗಳೂ ಓಡುತ್ತವೆ. ಒಬ್ಬೊಬ್ಬರದ್ದೂ ಬೇರೆ ವೆಬ್‌ಸೈಟ್, ಬೇರೆ ಆ್ಯಪ್, ಟಿಕೆಟ್ ರದ್ದು ಮಾಡಲು ಬೇರೆ ನಿಯಮ. ಬರ್ಲಿನ್‌ನಲ್ಲೋ ಮ್ಯೂನಿಕ್‌ನಲ್ಲೋ ಕೆಲಸದಲ್ಲಿರುವ ಮಕ್ಕಳು ಊರಿಂದ ಬಂದ ಅಪ್ಪ-ಅಮ್ಮನಿಗೆ ನಾಲ್ಕು ದೇಶ ತೋರಿಸೋಣ ಅಂತ ಕೂತರೆ ಮೊದಲು ಸುಸ್ತಾಗುವುದು ಇಲ್ಲೇ.

ಈ ಗೋಜಲು ಬಿಡಿಸಲು ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್‌ನಂಥ ಎಐ ಸಹಾಯಕಗಳು ಚೆನ್ನಾಗಿ ಉಪಯೋಗಕ್ಕೆ ಬರುತ್ತವೆ. ಯಾವ ಊರಿನ ನಂತರ ಯಾವ ಊರು, ಎಲ್ಲಿ ರಾತ್ರಿ ತಂಗಬೇಕು, ಯಾವ ನಿಯಮ ನಮಗೆ ಅಡ್ಡ ಬರಬಹುದು ಅನ್ನುವ ಪ್ರಶ್ನೆಗಳಿಗೆ ಅವು ಒಳ್ಳೆಯ ಜೊತೆ. ರೈಲು ಎಷ್ಟು ಗಂಟೆಗೆ, ಟಿಕೆಟ್ ಎಷ್ಟು ಯೂರೋ, ಯಾವ ಪ್ಲಾಟ್‌ಫಾರ್ಮ್ ಅನ್ನುವುದಕ್ಕೆ ಅಲ್ಲ. ದಾರಿ ಕೇಳಿದರೆ ‘ಗೊತ್ತಿಲ್ಲ’ ಅನ್ನಲು ಮನಸ್ಸಾಗದೆ ‘ಹೀಗೇ ನೇರ ಹೋಗಿ ಎಡಕ್ಕೆ ತಿರುಗಿ’ ಅಂತ ಕೈ ತೋರಿಸುವವರು ಪ್ರತಿ ಊರಲ್ಲೂ ಇರುತ್ತಾರಲ್ವಾ? ಎಐಗೂ ಆ ಗುಣ ಇದೆ. ಇಲ್ಲದ ರೈಲಿಗೂ ನಂಬರ್ ಕೊಟ್ಟು, ನಿಮಿಷದ ಲೆಕ್ಕದಲ್ಲಿ ಸಮಯ ಹೇಳಿಬಿಡುತ್ತದೆ.

ಒಂದು ಪ್ರವಾಸವನ್ನೇ ಇಟ್ಟುಕೊಂಡು ನೋಡೋಣ. ಬರ್ಲಿನ್‌ನಿಂದ ಹೊರಟು ಪ್ಯಾರಿಸ್, ಅಲ್ಲಿಂದ ಸ್ವಿಟ್ಜರ್ಲೆಂಡ್, ಕೊನೆಗೆ ರೋಮ್. ರೋಮ್‌ನಿಂದ ಅಪ್ಪ-ಅಮ್ಮ ಬೆಂಗಳೂರಿಗೆ ವಿಮಾನ ಹತ್ತುತ್ತಾರೆ.

ಮೊದಲು ನಿಮ್ಮ ಮನೆಯ ಸಂಗತಿ ಹೇಳಿ

‘ಯುರೋಪ್ ರೈಲು ಪ್ರವಾಸ ಪ್ಲಾನ್ ಮಾಡು’ ಅಂತ ಒಂದು ಸಾಲು ಬರೆದರೆ ಯಾವುದೋ ಟೂರ್ ಕಂಪನಿಯ ಕರಪತ್ರದಂಥ ಉತ್ತರ ಬರುತ್ತದೆ. ಯಾರು ಹೋಗುತ್ತಿದ್ದಾರೆ, ಯಾರಿಗೆ ಏನು ಕಷ್ಟ ಅನ್ನುವುದನ್ನು ಮೊದಲೇ ಹೇಳಿ. ಕನ್ನಡದಲ್ಲೇ ಬರೆಯಬಹುದು. ಕನ್ನಡದ ನಡುವೆ ಇಂಗ್ಲಿಷ್ ಬೆರೆಸಿದರೂ ಅದಕ್ಕೆ ಅರ್ಥವಾಗುತ್ತದೆ. ಉದಾಹರಣೆಗೆ ಹೀಗೆ:

‘ನಾವು ನಾಲ್ಕು ಜನ. ನಾನು, ನನ್ನ ಗಂಡ, 68 ವರ್ಷದ ಅಪ್ಪ, 63 ವರ್ಷದ ಅಮ್ಮ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಲು ಕಷ್ಟ. ನಾಲ್ಕು ದೊಡ್ಡ ಸೂಟ್‌ಕೇಸ್ ಇವೆ. ಜೂನ್ ಎರಡನೇ ವಾರ ಬರ್ಲಿನ್‌ನಿಂದ ಹೊರಟು ಪ್ಯಾರಿಸ್, ಸ್ವಿಟ್ಜರ್ಲೆಂಡ್ ನೋಡಿ ರೋಮ್ ತಲುಪಬೇಕು. ಬೆಳಿಗ್ಗೆ 8ಕ್ಕೆ ಮುಂಚೆ ಹೊರಡುವುದಿಲ್ಲ. ದಿನಕ್ಕೆ ಒಂದಕ್ಕಿಂತ ಜಾಸ್ತಿ ಸಲ ರೈಲು ಬದಲಿಸುವುದಿಲ್ಲ. ರೈಲಿನ ನಂಬರ್, ಸಮಯ, ದರ ಈಗ ಬೇಡ. ಊರುಗಳ ಕ್ರಮ, ಪ್ರತಿ ಹಂತಕ್ಕೆ ಸುಮಾರು ಎಷ್ಟು ಗಂಟೆ, ಯಾವ ಕಂಪನಿಯ ರೈಲು, ಸೀಟು ಕಾಯ್ದಿರಿಸುವುದು ಕಡ್ಡಾಯವೇ, ಇಷ್ಟು ಹೇಳು. ಖಚಿತ ಇಲ್ಲದ್ದನ್ನು ಖಚಿತ ಇಲ್ಲ ಅಂತಲೇ ಬರೆ. ಇನ್ನೇನಾದರೂ ವಿವರ ಬೇಕಿದ್ದರೆ ಮೊದಲು ನನ್ನನ್ನು ಕೇಳು.’

ಕೊನೆಯ ವಾಕ್ಯ ಬಿಡಬೇಡಿ. ಅದರಿಂದಾಗಿ ವೀಸಾ ಯಾವ ಥರದ್ದು, ರಾತ್ರಿ ರೈಲಿನಲ್ಲಿ ಮಲಗುವುದು ಅಪ್ಪ-ಅಮ್ಮನಿಗೆ ಆಗುತ್ತದೆಯೇ ಅಂತೆಲ್ಲ ಅದೇ ತಿರುಗಿ ಕೇಳುತ್ತದೆ. ನಮಗೆ ತಲೆಗೇ ಹೊಳೆಯದ ಪ್ರಶ್ನೆ ಅದರಲ್ಲಿ ಒಂದಾದರೂ ಇರುತ್ತದೆ.

ಬಂದ ದಾರಿಯನ್ನು ಹಾಗೇ ಒಪ್ಪಬೇಡಿ

ಮೊದಲ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ. ಬರ್ಲಿನ್‌ನಿಂದ ಪ್ಯಾರಿಸ್‌ಗೆ ಫ್ರಾಂಕ್‌ಫರ್ಟ್, ಸ್ಟ್ರಾಸ್‌ಬರ್ಗ್ ಮೇಲೆ ಹಗಲಿನ ನೇರ ಐಸಿಇ (ಜರ್ಮನಿಯ ವೇಗದ ರೈಲು), ಸುಮಾರು 8 ಗಂಟೆ. ಈ ರೈಲು ಶುರುವಾಗಿದ್ದು 2024ರ ಡಿಸೆಂಬರ್‌ನಲ್ಲಿ. ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಟಿಜಿವಿ ಲಿರಿಯಾ (ಫ್ರಾನ್ಸ್, ಸ್ವಿಟ್ಜರ್ಲೆಂಡ್ ನಡುವಿನ ವೇಗದ ರೈಲು), ಸುಮಾರು 4 ಗಂಟೆ. ಜ್ಯೂರಿಕ್‌ನಿಂದ ಮಿಲಾನ್‌ಗೆ ಯೂರೋಸಿಟಿ, ಮೂರೂಕಾಲು ಗಂಟೆ ಆಸುಪಾಸು. ಮಿಲಾನ್‌ನಿಂದ ರೋಮ್‌ಗೆ ವೇಗದ ರೈಲು, ಸುಮಾರು 3 ಗಂಟೆ.

ತಪ್ಪೇನಿಲ್ಲ. ಆದರೆ ಇದು ಎಲ್ಲರಿಗೂ ಹೇಳುವ ಉತ್ತರ. ಸ್ವಿಟ್ಜರ್ಲೆಂಡ್ ಅಂದರೆ ಊರಿಂದ ಬಂದವರಿಗೆ ಬೇಕಾದ್ದು ಜ್ಯೂರಿಕ್‌ನ ಬ್ಯಾಂಕುಗಳಲ್ಲ, ಹಿಮ. ಯುಂಗ್‌ಫ್ರಾವ್‌ಯೋಕ್‌ಗೆ ಹೋಗಬೇಕು ಅಂತಿದ್ದರೆ ಇಂಟರ್‌ಲಾಕೆನ್‌ನಲ್ಲಿ ತಂಗುವುದು ಅನುಕೂಲ. ಹಾಗಿದ್ದಾಗ ಮತ್ತೆ ಕೇಳಿ: ‘ನಾವು ಇಂಟರ್‌ಲಾಕೆನ್‌ನಲ್ಲಿ ತಂಗಿದರೆ ಜ್ಯೂರಿಕ್‌ಗೆ ಹೋಗಲೇಬೇಕಾ?’ ಬೇಕಿಲ್ಲ. ಪ್ಯಾರಿಸ್‌ನಿಂದ ಬರುವ ಲಿರಿಯಾ ಜ್ಯೂರಿಕ್‌ಗೆ ಮುಂಚೆ ಬಾಸೆಲ್‌ನಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದರೆ ಬರ್ನ್ ಮೇಲೆ ಇಂಟರ್‌ಲಾಕೆನ್‌ಗೆ ನೇರ ರೈಲು ಸಿಗುತ್ತದೆ, ಸುಮಾರು 2 ಗಂಟೆ. ಮುಂದೆ ಇಟಲಿಗೆ ಹೋಗುವಾಗಲೂ ಜ್ಯೂರಿಕ್‌ಗೆ ವಾಪಸ್ ಬರಬೇಕಿಲ್ಲ. ಇಂಟರ್‌ಲಾಕೆನ್‌ನಿಂದ 20 ನಿಮಿಷದ ದೂರದಲ್ಲಿ ಸ್ಪೀಟ್ಸ್ ಇದೆ. ಬಾಸೆಲ್‌ನಿಂದ ಬರ್ನ್ ಮೇಲೆ ಬರುವ ಮಿಲಾನ್ ರೈಲು ಅಲ್ಲಿ ಹತ್ತಬಹುದು. ಅದು ಲೋಯ್ಟ್ಶ್‌ಬೆರ್ಗ್ ಸುರಂಗ, ಆಮೇಲೆ 1906ರಲ್ಲಿ ತೆರೆದ ಸಿಂಪ್ಲಾನ್ ಸುರಂಗ ದಾಟಿ ಇಟಲಿಗೆ ಇಳಿಯುತ್ತದೆ.

ಇನ್ನೊಂದು ಮಾತು. ವೇಗವೇ ಮುಖ್ಯವಾ, ನೋಟವೇ ಮುಖ್ಯವಾ ಅಂತ ಎಐಗೆ ಹೇಳದಿದ್ದರೆ ಅದು ಸಾಮಾನ್ಯವಾಗಿ ವೇಗವನ್ನೇ ಆರಿಸುತ್ತದೆ. ಜ್ಯೂರಿಕ್–ಮಿಲಾನ್ ರೈಲು 57 ಕಿಲೋಮೀಟರ್ ಉದ್ದದ ಗೊಟ್‌ಹಾರ್ಡ್ ಬೇಸ್ ಸುರಂಗದಲ್ಲಿ ಹೋಗುತ್ತದೆ. 2016ರಲ್ಲಿ ತೆರೆದ ಈ ಸುರಂಗ ಎಂಜಿನಿಯರ್‌ಗಳಿಗೆ ಹೆಮ್ಮೆಯ ಕೆಲಸ, ಸರಿ. ಕಿಟಕಿ ಪಕ್ಕ ಕೂತವರಿಗೆ ಮಾತ್ರ ಬರೀ ಕತ್ತಲು. ಆಲ್ಪ್ಸ್ ನೋಡುತ್ತಾ ಇಟಲಿಗೆ ಇಳಿಯಬೇಕು ಅನ್ನುವವರಿಗೆ ಸ್ವಿಟ್ಜರ್ಲೆಂಡಿನ ಖೂರ್‌ನಿಂದ ಇಟಲಿಯ ಟಿರಾನೋವರೆಗಿನ ಬರ್ನೀನಾ ಮಾರ್ಗ ಇದೆ. ರೈಲು 2253 ಮೀಟರ್ ಎತ್ತರಕ್ಕೆ ಏರಿ ಇಳಿಯುತ್ತದೆ. ಯುನೆಸ್ಕೋ ಪಟ್ಟಿಗೆ ಸೇರಿದ್ದು 2008ರಲ್ಲಿ. ಟಿರಾನೋದಿಂದ ಮಿಲಾನ್‌ಗೆ ಇಟಲಿಯ ಲೋಕಲ್ ರೈಲು ಇದೆ. ಇಲ್ಲಿ ಎಐಗೆ ಒಂದು ಪ್ರಶ್ನೆ ಹಾಕಿ ನೋಡಿ: ‘ಬರ್ನೀನಾ ಎಕ್ಸ್‌ಪ್ರೆಸ್ ಬಿಟ್ಟು ಅದೇ ಹಳಿಯ ಮೇಲೆ ಸಾಮಾನ್ಯ ರೈಲು ಇದೆಯಾ?’ ಇದೆ. ಪ್ರವಾಸಿಗರ ಎಕ್ಸ್‌ಪ್ರೆಸ್‌ಗೆ ಸೀಟು ಕಾಯ್ದಿರಿಸುವುದು ಕಡ್ಡಾಯ, ಅದಕ್ಕೆ ಬೇರೆ ದುಡ್ಡು. ಸಾಮಾನ್ಯ ರೈಲಿಗೆ ಆ ಕಟ್ಟು ಇಲ್ಲ, ಕಾಣುವ ಬೆಟ್ಟ ಅದೇ. ನನ್ನನ್ನು ಕೇಳಿದರೆ ಸಾಮಾನ್ಯ ರೈಲೇ ವಾಸಿ, ನಡುವೆ ಬೇಕಾದಲ್ಲಿ ಇಳಿದು ಮುಂದಿನದ್ದು ಹತ್ತಬಹುದು.

ಯುಂಗ್‌ಫ್ರಾವ್‌ಯೋಕ್ 3454 ಮೀಟರ್ ಎತ್ತರದಲ್ಲಿದೆ. ಹೃದಯ, ಉಸಿರಾಟದ ತೊಂದರೆ ಇರುವ ಹಿರಿಯರು ಅಷ್ಟು ಮೇಲೆ ಹೋಗಬಹುದಾ ಅನ್ನುವುದನ್ನು ಡಾಕ್ಟರ್ ಹತ್ತಿರ ಕೇಳಿ, ಎಐ ಹತ್ತಿರ ಅಲ್ಲ.

ಹಳೇ ಸುದ್ದಿಯ ಕಾಟ

ಎಐ ಕಲಿತ ಮಾಹಿತಿಗೆ ಒಂದು ಕೊನೆಯ ದಿನ ಇರುತ್ತದೆ. ಯುರೋಪಿನ ರೈಲುಗಳು ಅದಕ್ಕಾಗಿ ಕಾಯುವುದಿಲ್ಲ. ಮೂರು ಉದಾಹರಣೆ ಸಾಕು.

ಪ್ಯಾರಿಸ್‌ನಿಂದ ಬರ್ಲಿನ್‌ಗೂ ವಿಯೆನ್ನಾಗೂ ಓಬಿಬಿಯ ನೈಟ್‌ಜೆಟ್ ಎಂಬ ರಾತ್ರಿ ರೈಲುಗಳಿದ್ದವು. ವಿಯೆನ್ನಾದ್ದು 2021ರಲ್ಲಿ, ಬರ್ಲಿನ್‌ದು 2023ರಲ್ಲಿ ಶುರುವಾದಾಗ ಪತ್ರಿಕೆಗಳ ತುಂಬ ಅದರದ್ದೇ ಹೊಗಳಿಕೆ. ಫ್ರಾನ್ಸ್ ಸರ್ಕಾರ ಸಹಾಯಧನ ನಿಲ್ಲಿಸಿತು. 2025ರ ಡಿಸೆಂಬರ್‌ನಲ್ಲಿ ಓಬಿಬಿ ಎರಡನ್ನೂ ನಿಲ್ಲಿಸಿತು. ಹೊಗಳಿ ಬರೆದ ಆ ಲೇಖನಗಳು ಮಾತ್ರ ಇಂಟರ್ನೆಟ್ಟಿನಲ್ಲಿ ಹಾಗೇ ಇವೆ, ಎಐ ಓದಿರುವುದೂ ಅವನ್ನೇ.

ಇದಕ್ಕೆ ಉಲ್ಟಾ ಪ್ಯಾರಿಸ್–ಮಿಲಾನ್ ನೇರ ರೈಲು. 2023ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಮೊರಿಯೆನ್ ಕಣಿವೆಯಲ್ಲಿ ಗುಡ್ಡ ಕುಸಿದು ಹಳಿ ಮುಚ್ಚಿಹೋಯಿತು. ಮತ್ತೆ ರೈಲು ಓಡಿದ್ದು 2025ರ ಮಾರ್ಚ್ ಕೊನೆಯಲ್ಲಿ. ಈಗಲೂ ‘ಆ ದಾರಿ ಬಂದ್ ಆಗಿದೆ’ ಅಂತ ಎಐ ಹೇಳಿದರೆ ಆಶ್ಚರ್ಯಪಡಬೇಕಿಲ್ಲ.

ಮೂರನೆಯದು ಜರ್ಮನಿಯಲ್ಲಿ ಓದುವ ನಮ್ಮ ಹುಡುಗರಿಗೆಲ್ಲ ಗೊತ್ತಿರುವ ಡಾಯ್ಚ್‌ಲಾಂಡ್ ಟಿಕೆಟ್. ದೇಶದೆಲ್ಲೆಡೆ ಊರೊಳಗಿನ, ಹತ್ತಿರದ ರೈಲು-ಬಸ್ಸುಗಳಿಗೆ ನಡೆಯುವ ತಿಂಗಳ ಪಾಸ್ ಅದು. 2023ರ ಮೇ ತಿಂಗಳಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೋ. 2025ರಲ್ಲಿ 58, 2026ರಲ್ಲಿ 63. ‘49 ಯೂರೋ ಟಿಕೆಟ್’ ಅನ್ನುವ ಹೆಸರೇ ಎಲ್ಲೆಡೆ ಹರಡಿದ್ದರಿಂದ ಎಐಗಳೂ ಅದನ್ನೇ ಹೇಳುವುದುಂಟು. ಅದು ಐಸಿಇಯಂಥ ದೂರದ ರೈಲುಗಳಿಗೆ ನಡೆಯುವುದಿಲ್ಲ ಅನ್ನುವುದನ್ನೂ ಕೆಲವೊಮ್ಮೆ ಮರೆಯುತ್ತವೆ.

ಆದ್ದರಿಂದ ವೆಬ್ ಹುಡುಕುವ ಸೌಲಭ್ಯ ಇರುವ ಎಐ ಬಳಸಿ. ಪ್ರತಿ ಪ್ರಶ್ನೆಯಲ್ಲೂ ಪ್ರಯಾಣದ ತಾರೀಖು ಬರೆಯಿರಿ. ‘ಈ ರೈಲು ಈಗಲೂ ಓಡುತ್ತಿದೆ ಅಂತ ರೈಲು ಕಂಪನಿಯ ಪುಟದಲ್ಲೇ ನೋಡಿ ಹೇಳು, ಆ ಪುಟದ ಕೊಂಡಿ ಕೊಡು’ ಅನ್ನಿ. ಕೊಂಡಿ ಕೊಟ್ಟರೆ ಸುಮ್ನೆ ಖುಷಿಪಡಬೇಡಿ, ತೆರೆದು ಓದಿ. ಯುರೋಪಿನ ಟೈಮ್‌ಟೇಬಲ್ ಪ್ರತಿ ವರ್ಷ ಡಿಸೆಂಬರ್ ನಡುವೆ ಬದಲಾಗುತ್ತದೆ. ನಿಮ್ಮ ಪ್ರಯಾಣ ಅದರ ಆಚೆ ಇದ್ದರೆ ಹೊಸ ವೇಳಾಪಟ್ಟಿ ಬರುವವರೆಗೆ ಯಾರು ಹೇಳುವ ಸಮಯವೂ ಖಚಿತ ಅಲ್ಲ.

ಜರ್ಮನಿಯ ಒಳಗೆ ಇನ್ನೊಂದು ತಾಪತ್ರಯ ಇದೆ. ಹಳೆಯ ಮುಖ್ಯ ಮಾರ್ಗಗಳನ್ನು ತಿಂಗಳುಗಟ್ಟಲೆ ಪೂರ್ತಿ ಮುಚ್ಚಿ ರಿಪೇರಿ ಮಾಡುತ್ತಿದ್ದಾರೆ. ಫ್ರಾಂಕ್‌ಫರ್ಟ್–ಮಾನ್‌ಹೈಮ್ ನಡುವಿನ ಹಳಿಯನ್ನು 2024ರ ಜುಲೈಯಿಂದ ಡಿಸೆಂಬರ್‌ವರೆಗೆ ಮುಚ್ಚಿದ್ದರು. 2025ರ ಆಗಸ್ಟ್‌ನಲ್ಲಿ ಹ್ಯಾಂಬರ್ಗ್–ಬರ್ಲಿನ್ ಸರದಿ ಬಂತು. ‘ಆ ತಿಂಗಳು ನಮ್ಮ ದಾರಿಯಲ್ಲಿ ಕಾಮಗಾರಿ ಇದೆಯಾ’ ಅನ್ನುವ ಪ್ರಶ್ನೆಯನ್ನು ಮರೆಯಬೇಡಿ.

ಪ್ರತಿ ಹಂತವನ್ನೂ ರೈಲಿನವರ ಸೈಟಿಗೆ ಒಯ್ಯಿರಿ

ಊರುಗಳ ಕ್ರಮ ಗಟ್ಟಿಯಾದ ಮೇಲೆ ಎಐಗೆ ಒಂದು ಪಟ್ಟಿ ಮಾಡಲು ಹೇಳಿ. ಹೊರಡುವ ನಿಲ್ದಾಣ, ಇಳಿಯುವ ನಿಲ್ದಾಣ, ಟಿಕೆಟ್ ಮಾರುವ ಕಂಪನಿ, ಸೀಟು ಕಡ್ಡಾಯವೇ, ರದ್ದು ಮಾಡಿದರೆ ದುಡ್ಡು ವಾಪಸ್ಸೇ. ಸಮಯ ಮತ್ತು ದರದ ಕಾಲಂ ಖಾಲಿ ಇರಲಿ. ಅದನ್ನು ನೀವು ತುಂಬಬೇಕು, ರೈಲು ಕಂಪನಿಯ ಸೈಟ್ ನೋಡಿಕೊಂಡು. ಡಾಯ್ಚ ಬಾನ್‌ನ ಸೈಟು ಅಥವಾ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಅಕ್ಕಪಕ್ಕದ ದೇಶಗಳ ವೇಳಾಪಟ್ಟಿಯೂ ಸಿಗುತ್ತದೆ. ಎಲ್ಲದಕ್ಕೂ ಅಲ್ಲಿ ಟಿಕೆಟ್ ಸಿಗದಿದ್ದರೂ ಸಮಯ ತಾಳೆ ನೋಡಲು ಇದು ಒಳ್ಳೆಯ ಜಾಗ.

ನಿಲ್ದಾಣದ ಹೆಸರನ್ನು ಟಿಕೆಟ್ ಮೇಲೆ ಹೇಗಿರುತ್ತದೋ ಹಾಗೇ ಬರೆದುಕೊಡು ಅನ್ನಿ. ನಮ್ಮ ಬಾಯಲ್ಲಿ ಫ್ಲಾರೆನ್ಸ್ ಆಗಿರುವ ಊರು ಅಲ್ಲಿನ ಬೋರ್ಡಿನಲ್ಲಿ ಫಿರೆಂಝೆ. ಇದಕ್ಕಿಂತ ದೊಡ್ಡ ಮೋಸ ಒಂದೇ ಹೆಸರಿನ ಎರಡು ಊರು. ಜರ್ಮನಿಯಲ್ಲಿ ಮೈನ್ ನದಿಯ ಫ್ರಾಂಕ್‌ಫರ್ಟ್ ಒಂದು, ಪೋಲೆಂಡ್ ಗಡಿಯಲ್ಲಿ ಓಡರ್ ನದಿಯ ಫ್ರಾಂಕ್‌ಫರ್ಟ್ ಇನ್ನೊಂದು. ವೆನಿಸ್‌ನಲ್ಲಿ ಮೆಸ್ತ್ರೆ ಅನ್ನುವುದು ನೀರಿನ ಈಚೆ ಇರುವ ನಿಲ್ದಾಣ. ಕಾಲುವೆ ಎದುರಿಗೇ ಇಳಿಯಬೇಕಾದರೆ ಸಾಂತಾ ಲೂಚಿಯಾ.

ಪ್ಯಾರಿಸ್ ಅಂತೂ ಒಂದು ನಿಲ್ದಾಣದ ಊರೇ ಅಲ್ಲ. ಜರ್ಮನಿಯಿಂದ ಬರುವ ರೈಲು ಗಾರ್ ದ ಲೆಸ್ತ್‌ನಲ್ಲಿ ಬಿಡುತ್ತದೆ. ಸ್ವಿಟ್ಜರ್ಲೆಂಡ್, ಇಟಲಿ ರೈಲುಗಳು ಹೊರಡುವುದು ಗಾರ್ ದ ಲಿಯೋನ್‌ನಿಂದ. ಲಂಡನ್ ರೈಲಿಗೆ ಗಾರ್ ದ್ಯು ನಾರ್. ಲೆಸ್ತ್‌ನಿಂದ ನಾರ್‌ಗೆ ನಡೆದೇ ಹೋಗಬಹುದು. ಲಿಯೋನ್‌ಗೆ ಹಾಗಲ್ಲ, ಮೆಟ್ರೋ ಬದಲಿಸಬೇಕು, ಅದರಲ್ಲಿ ಮೆಟ್ಟಿಲುಗಳಿವೆ. ಮಂಡಿನೋವಿನ ಅಮ್ಮ, ನಾಲ್ಕು ಸೂಟ್‌ಕೇಸ್ ನೆನಪಿದೆ ತಾನೇ? ಟ್ಯಾಕ್ಸಿ ಹಿಡಿಯಿರಿ. ಪ್ಯಾರಿಸ್‌ನಲ್ಲಿ ತಂಗದೆ ಮುಂದೆ ಹೋಗುವವರು ‘ಎರಡು ನಿಲ್ದಾಣ ಬೇರೆ ಬೇರೆಯಾ’ ಅಂತ ಎಐಗೆ ಕೇಳದೇ ಟಿಕೆಟ್ ತೆಗೆಯಬಾರದು.

ರೈಲು ಬದಲಿಸುವ ಅಂತರ

ಜರ್ಮನಿಯ ರೈಲು ಅಂದರೆ ಗಡಿಯಾರ ಅನ್ನುವ ನಂಬಿಕೆ ಊರಲ್ಲಿ ಇನ್ನೂ ಇದೆ. 2024ರಲ್ಲಿ ಡಾಯ್ಚ ಬಾನ್‌ನ ದೂರದ ರೈಲುಗಳಲ್ಲಿ ಸಮಯಕ್ಕೆ ತಲುಪಿದ್ದು 62.5 ಶೇಕಡ. ಅದೂ 6 ನಿಮಿಷಕ್ಕಿಂತ ಕಡಿಮೆ ತಡವನ್ನು ತಡ ಅಂತ ಲೆಕ್ಕ ಹಾಕದೆ! ಆದರೆ ಬುಕಿಂಗ್ ಸೈಟುಗಳು 7–8 ನಿಮಿಷದ ಅಂತರ ಇಟ್ಟೂ ಟಿಕೆಟ್ ಕೊಡುತ್ತವೆ, ಎಐ ಅದನ್ನೇ ‘ಆರಾಮಾಗಿ ಸಿಗುತ್ತೆ’ ಅನ್ನುತ್ತದೆ. ಹಿರಿಯರ ಜೊತೆ ಹೋಗುವಾಗ ಜರ್ಮನಿಯೊಳಗೆ ಕನಿಷ್ಠ 45 ನಿಮಿಷ ಅಂತರ ಇಡಿ ಅನ್ನುವುದು ನನ್ನ ಸಲಹೆ. ಆ ದಿನದ ಕೊನೆಯ ರೈಲನ್ನು ನಂಬಿಕೊಂಡು ಅಂತೂ ಹೋಗಬೇಡಿ.

ಇಲ್ಲಿ ಎಐಗೆ ಕೇಳಬೇಕಾದ ಪ್ರಶ್ನೆ ಒಂದಿದೆ: ‘ಈ ಎರಡು ರೈಲು ಒಂದೇ ಟಿಕೆಟ್‌ನಲ್ಲಿ ಬರುತ್ತವಾ?’ ಒಂದೇ ಟಿಕೆಟ್ ಆಗಿದ್ದು ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ನಿಮ್ಮನ್ನು ಊರು ಮುಟ್ಟಿಸುವ ಜವಾಬ್ದಾರಿ ರೈಲು ಕಂಪನಿಯದ್ದು. ಬೇರೆ ಬೇರೆ ಸೈಟಿನಲ್ಲಿ ತೆಗೆದ ಎರಡು ಟಿಕೆಟ್ ಆದರೆ ಆ ಹಕ್ಕು ಕೈಗೆ ಸಿಗದೇ ಹೋಗಬಹುದು. ಕಡಿಮೆ ದರ ಹುಡುಕಿ ಟಿಕೆಟ್ ತುಂಡು ಮಾಡು ಅಂತ ಎಐ ಸಲಹೆ ಕೊಟ್ಟಾಗ ಇದನ್ನು ನೆನಪಿಡಿ.

ಪಾಸ್ ತೆಗೆಯಬೇಕಾ?

ಹಲವು ದೇಶಗಳ ರೈಲುಗಳಿಗೆ ಒಟ್ಟಿಗೆ ನಡೆಯುವ ಪಾಸ್ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ಒಂದೇ ಮನೆಯಲ್ಲಿ ಎರಡು ಉತ್ತರ ಇರಬಹುದು. ಯುರೋಪಿನಲ್ಲಿ ವಾಸ ಇರುವವರಿಗೆ ಇಂಟರ್‌ರೇಲ್ ಪಾಸ್, ಹೊರಗಿನಿಂದ ಬಂದವರಿಗೆ ಯೂರೇಲ್ ಪಾಸ್. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದಲ್ಲ, ವಾಸ ಎಲ್ಲಿ ಅನ್ನುವುದು ಲೆಕ್ಕ. ಬರ್ಲಿನ್‌ನಲ್ಲಿರುವ ಮಗಳು-ಅಳಿಯನಿಗೆ ಇಂಟರ್‌ರೇಲ್, ಮೈಸೂರಿನ ಅಪ್ಪ-ಅಮ್ಮನಿಗೆ ಯೂರೇಲ್. ಇಂಟರ್‌ರೇಲ್‌ನಲ್ಲಿ ತಾನು ವಾಸಿಸುವ ದೇಶದೊಳಗೆ ಮನಸ್ಸಿಗೆ ಬಂದಂತೆ ಓಡಾಡುವ ಹಾಗಿಲ್ಲ. ಹೊರಗೆ ಹೋಗಲು ಒಂದು ಪ್ರಯಾಣ, ವಾಪಸ್ ಬರಲು ಒಂದು, ಅಷ್ಟೇ. 60 ದಾಟಿದವರಿಗೂ 27 ಅಥವಾ ಅದಕ್ಕಿಂತ ಚಿಕ್ಕವರಿಗೂ ರಿಯಾಯಿತಿ ಇದೆ.

ಪಾಸ್ ಇದ್ದ ಮಾತ್ರಕ್ಕೆ ಹತ್ತಿ ಕೂರಬಹುದು ಅಂದುಕೊಳ್ಳಬೇಡಿ. ಟಿಜಿವಿ, ಲಿರಿಯಾ, ಲಂಡನ್‌ಗೆ ಹೋಗುವ ಯೂರೋಸ್ಟಾರ್, ಇಟಲಿಯ ಫ್ರೆಚ್ಚಾರೋಸಾ, ರಾತ್ರಿ ರೈಲು, ಇವಕ್ಕೆಲ್ಲ ಪಾಸಿನ ಮೇಲೆ ಸೀಟಿಗೆ ಬೇರೆ ದುಡ್ಡು ಕೊಟ್ಟು ಕಾಯ್ದಿರಿಸಬೇಕು. ಟಿಜಿವಿ, ಯೂರೋಸ್ಟಾರ್‌ಗಳಲ್ಲಿ ಪಾಸ್‌ನವರಿಗೆ ಮೀಸಲಾದ ಸೀಟುಗಳೇ ಕಡಿಮೆ, ಬೇಗ ಮುಗಿಯುತ್ತವೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನ ಒಳಗಿನ ಹೆಚ್ಚಿನ ರೈಲುಗಳಿಗೆ ಈ ರಗಳೆ ಇಲ್ಲ. ನಮ್ಮ ಉದಾಹರಣೆಯ ಪ್ರವಾಸದಲ್ಲಿ ಕಡ್ಡಾಯ ಸೀಟಿನ ರೈಲುಗಳೇ ಜಾಸ್ತಿ. ಹಾಗಾಗಿ ಮುಂಚಿತವಾಗಿ ಬಿಡಿ ಟಿಕೆಟ್ ತೆಗೆಯುವುದೇ ಅಗ್ಗವಾಗುವ ಸಾಧ್ಯತೆ ಹೆಚ್ಚು.

ಲೆಕ್ಕವನ್ನು ಎಐ ಕೈಲಿ ಮಾಡಿಸಿ, ಅಂಕಿಗಳನ್ನು ಮಾತ್ರ ನೀವೇ ಕೊಡಿ. ಸೈಟಿನಲ್ಲಿ ಕಂಡ ಬಿಡಿ ಟಿಕೆಟ್ ದರ, ಪಾಸಿನ ದರ, ಪ್ರತಿ ಸೀಟಿನ ಶುಲ್ಕ ಎಲ್ಲ ಹಾಕಿ ‘ನಾಲ್ವರಿಗೂ ಬೇರೆ ಬೇರೆ ಲೆಕ್ಕ ಮಾಡಿ ತೋರಿಸು’ ಅನ್ನಿ. ಸ್ವಿಟ್ಜರ್ಲೆಂಡಿನಲ್ಲಿ ಬೆಟ್ಟದ ರೈಲುಗಳು ದುಬಾರಿ. ಪ್ರವಾಸಿಗರಿಗಾಗಿ ಅಲ್ಲಿ ಅರ್ಧ ದರದ ಕಾರ್ಡ್ ಒಂದಿದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ವೀಸಾ

ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ನಾಲ್ಕೂ ಷೆಂಗೆನ್ ಒಳಗೇ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪಿನೊಳಗೇ ಇವೆ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿ ಇದೆ. ‘ಪ್ಯಾರಿಸ್‌ನಿಂದ ಲಂಡನ್ ಎರಡೂಕಾಲು ಗಂಟೆ, ಒಂದು ದಿನ ಹೋಗಿ ಬನ್ನಿ’ ಅಂತ ಎಐ ಉತ್ಸಾಹದಿಂದ ಸೇರಿಸಿದಾಗ ಎಚ್ಚರ. ಭಾರತದ ಪಾಸ್‌ಪೋರ್ಟ್‌ಗೆ ಬ್ರಿಟನ್ ವೀಸಾ ಬೇರೆ ಬೇಕು. ಅಷ್ಟೇ ಅಲ್ಲ, ಅಪ್ಪ-ಅಮ್ಮನ ಷೆಂಗೆನ್ ವೀಸಾ ಒಂದೇ ಸಲ ಒಳಗೆ ಬರುವಂಥದ್ದಾದರೆ ಲಂಡನ್‌ಗೆ ಹೋದವರು ಪ್ಯಾರಿಸ್‌ಗೆ ವಾಪಸ್ ಬರುವ ಹಾಗಿಲ್ಲ. ಷೆಂಗೆನ್ ಒಳಗಿನ ಗಡಿಗಳಲ್ಲೂ ಪೊಲೀಸರು ರೈಲು ಹತ್ತಿ ಪಾಸ್‌ಪೋರ್ಟ್ ಕೇಳುವುದುಂಟು. ಸೂಟ್‌ಕೇಸ್‌ನ ತಳದಲ್ಲಿ ಇಡಬೇಡಿ.

ಪಾಸ್‌ಪೋರ್ಟ್ ನಂಬರ್, ವೀಸಾ ಪ್ರತಿ, ಕಾರ್ಡ್ ವಿವರ, ಟಿಕೆಟ್‌ನ ಬುಕಿಂಗ್ ಕೋಡ್ ಯಾವುದನ್ನೂ ಎಐಗೆ ಹಾಕಬೇಡಿ. ಪ್ಲಾನ್ ಮಾಡಲು ಅದಕ್ಕೆ ವಯಸ್ಸು, ವಾಸದ ದೇಶ, ವೀಸಾದ ಬಗೆ ಗೊತ್ತಿದ್ದರೆ ಸಾಕು.

ಸಾಮಾನು, ಊಟ

ಅಲ್ಲಿ ಕೂಲಿಗಳನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಚಟ್ನಿಪುಡಿ, ಹುಳಿಪುಡಿ, ಕೋಡುಬಳೆ ತುಂಬಿದ ಸೂಟ್‌ಕೇಸನ್ನು ನೀವೇ ಎತ್ತಿ ಬೋಗಿಗೆ ಹಾಕಬೇಕು, ನಡುವಿನ ನಿಲ್ದಾಣದಲ್ಲಿ ರೈಲು ನಿಲ್ಲುವುದೇ ಕೆಲವು ನಿಮಿಷ. ಪುಡಿ ಡಬ್ಬಗಳನ್ನು ಬರ್ಲಿನ್ ಮನೆಯಲ್ಲೇ ಇಳಿಸಿ ಸೂಟ್‌ಕೇಸ್ ಎರಡಕ್ಕೆ ತನ್ನಿ. ಲಿಫ್ಟ್ ಎಲ್ಲಿದೆ ಅಂತ ನಿಲ್ದಾಣದ ನಕ್ಷೆಯಲ್ಲಿ ಮುಂಚೆಯೇ ನೋಡಿಟ್ಟುಕೊಳ್ಳಿ.

ಎಐ ತುಂಬ ಚೆನ್ನಾಗಿ ಮಾಡುವ ಸಣ್ಣ ಕೆಲಸ ಒಂದಿದೆ. ‘ನಾವು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಹಾಲು, ಮೊಸರು, ಬೆಣ್ಣೆ ಆಗುತ್ತದೆ’ ಅನ್ನುವುದನ್ನು ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರರಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಿ ಅಪ್ಪ-ಅಮ್ಮನ ಫೋನಿನಲ್ಲಿ ಇಟ್ಟುಬಿಡಿ. ಬರೇ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಹಾಕಿದ್ದು ಬಂದೀತು.

ಹೊರಡುವ ದಿನ

ಅವತ್ತು ಎಐಯನ್ನು ಪಕ್ಕಕ್ಕಿಡಿ. ಪ್ಲಾಟ್‌ಫಾರ್ಮ್, ತಡ, ರದ್ದು ಎಲ್ಲಕ್ಕೂ ರೈಲು ಕಂಪನಿಯ ಆ್ಯಪ್ ಮತ್ತು ನಿಲ್ದಾಣದ ಬೋರ್ಡು. ಟಿಕೆಟ್‌ಗಳನ್ನು ಇಂಟರ್ನೆಟ್ ಇಲ್ಲದಿದ್ದರೂ ತೆರೆಯುವ ಹಾಗೆ ಫೋನಿಗೆ ಇಳಿಸಿಕೊಳ್ಳಿ.

ತಡ ಆದರೆ ಎಐ ಮತ್ತೆ ಕೆಲಸಕ್ಕೆ ಬರುತ್ತದೆ. ಯುರೋಪಿಯನ್ ಒಕ್ಕೂಟದ ನಿಯಮದಂತೆ 60ರಿಂದ 119 ನಿಮಿಷ ತಡವಾಗಿ ತಲುಪಿದರೆ ಟಿಕೆಟ್ ದರದ 25 ಶೇಕಡ, 120 ನಿಮಿಷ ಮತ್ತು ಮೇಲಾದರೆ 50 ಶೇಕಡ ಪರಿಹಾರ. ಭಾರೀ ಪ್ರವಾಹದಂಥ ಕಾರಣಗಳಿಗೆ ವಿನಾಯಿತಿ ಇದೆ. ಬೋರ್ಡಿನಲ್ಲಿ ತಡದ ಸಮಯ ಕಾಣುವಾಗ ಒಂದು ಫೋಟೋ ತೆಗೆಯಿರಿ, ಟಿಕೆಟ್ ಅಳಿಸಬೇಡಿ. ಹೋಟೆಲ್ ಮುಟ್ಟಿದ ಮೇಲೆ ಹೊರಟ ಸಮಯ, ತಲುಪಿದ ಸಮಯ, ಎಲ್ಲಿ ರೈಲು ತಪ್ಪಿತು ಎಲ್ಲವನ್ನೂ ಕನ್ನಡದಲ್ಲೇ ಹೇಳಿ, ಆ ದೇಶದ ಭಾಷೆಯಲ್ಲಿ ಅರ್ಜಿ ಬರೆಸಿಕೊಳ್ಳಿ. ಬುಕಿಂಗ್ ಕೋಡ್ ಜಾಗ ಖಾಲಿ ಬಿಡಿಸಿ, ಫಾರ್ಮ್ ಕಳಿಸುವಾಗ ನೀವೇ ತುಂಬಿ. ಕಳಿಸಲು ಮೂರು ತಿಂಗಳು ಸಮಯ ಇರುತ್ತದೆ. ಆದರೆ ಅಪ್ಪ-ಅಮ್ಮ ಬೆಂಗಳೂರಿನ ವಿಮಾನ ಹತ್ತುವ ಮುಂಚೆಯೇ ಅವರ ಫೋನಿನಲ್ಲಿರುವ ಟಿಕೆಟ್‌ಗಳನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಿ.